ಪಿಪಿಇ ಬಿಚ್ಚುವ ಹೊತ್ತು

ಕೋವಿಡ್ ವಾರ್ಡಿನಲ್ಲಿ ನರ್ಸ್ ಆಗಿದ್ದೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ರೋಗಿ ಹತ್ತಿರ ಹೋಗೋಕೆ ಭಯ ಆಗ್ತಿರಲಿಲ್ವಾ?" ಆಗುತ್ತಿತ್ತು. ಉಸಿರಾಟದ ಟ್ಯೂಬ್ ಹಾಕುವಾಗ, ಕಫ ಎಳೆಯುವಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುತ್ತವೆ. ಆದರೆ ನನಗೆ ಅದಕ್ಕಿಂತ ಜಾಸ್ತಿ ಭಯ ಇದ್ದದ್ದು ಡ್ಯೂಟಿ ಮುಗಿಸಿ ಪಿಪಿಇ, ಅಂದರೆ ಸೋಂಕು ತಾಗದಂತೆ ಹಾಕಿಕೊಳ್ಳುವ ಗ್ಲೌಸ್, ಗೌನ್, ಕನ್ನಡಕ, ಮಾಸ್ಕ್ ಎಲ್ಲ ಬಿಚ್ಚುವಾಗ.

ಹಾಕಿಕೊಳ್ಳುವಾಗ ಮೈಯೆಲ್ಲ ಎಚ್ಚರ ಇರುತ್ತದೆ. ಬಿಚ್ಚುವ ಹೊತ್ತಿಗೆ ಆರು ಗಂಟೆ ಕಳೆದಿರುತ್ತದೆ. ನೀರು ಕುಡಿದಿಲ್ಲ, ಬಾತ್‌ರೂಮಿಗೆ ಹೋಗಿಲ್ಲ, ಮಾಸ್ಕ್ ಒತ್ತಿ ಒತ್ತಿ ಮೂಗಿನ ಮೇಲೆ ಗಾಯ. ವೈರಸ್ ಕೂತಿರುವುದು ಗ್ಲೌಸಿನ ಮೇಲೆ, ಗೌನಿನ ಮುಂಭಾಗದಲ್ಲಿ. ಅದಕ್ಕೇ ಮೊದಲು ಗ್ಲೌಸ್, ಹೊರಮೈ ಒಳಗಾಗುವಂತೆ ಮಗುಚಿ. ಆಮೇಲೆ ಗೌನ್. ಕೈ ಶುಚಿ ಮಾಡಿಕೊಂಡು ಕನ್ನಡಕ. ಮಾಸ್ಕ್ ಎಲ್ಲಕ್ಕಿಂತ ಕೊನೆಗೆ, ಕೋಣೆಯಿಂದ ಹೊರಗೆ ಬಂದ ಮೇಲೆ, ಹಿಂದಿನ ಪಟ್ಟಿ ಹಿಡಿದು. ಮತ್ತೆ ಕೈ ತೊಳೆಯಬೇಕು. ಗೊತ್ತಿರುವ ಕೆಲಸವೇ. ಆದರೆ ಅಷ್ಟರಲ್ಲಿ ಮೂಗು ತುರಿಸುತ್ತಿರುತ್ತದೆ, ಕೈ ತಾನಾಗಿಯೇ ಮೇಲೆ ಹೋಗುತ್ತದೆ.

ಎರಡನೇ ತಿಂಗಳು ನನಗೂ ಜ್ವರ ಬಂತು. ಮೇಲಿನವರು ಫೋನ್ ಮಾಡಿ ಕೇಳಿದ ಮೊದಲ ಮಾತು, "ಎಲ್ಲಿ ಅಜಾಗರೂಕತೆ ಮಾಡಿದಿರಿ?" ಹೇಗಿದ್ದೀರಿ ಅಂತಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಒಂದೊಂದು ಶಿಫ್ಟನ್ನೂ ನೆನಪು ಮಾಡಿಕೊಂಡೆ. ಕೊನೆಗೆ ಕಣ್ಮುಂದೆ ಬಂದದ್ದು ವಾರ್ಡ್ ಅಲ್ಲ, ನಮ್ಮ ಊಟದ ಕೋಣೆ. ಕಿಟಕಿ ಇಲ್ಲದ ಚಿಕ್ಕ ಜಾಗ. ಮೂವರು ಮಾಸ್ಕ್ ತೆಗೆದಿಟ್ಟು, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಊಟ ಮಾಡಿದ್ದೆವು. ಅದೇ ವಾರ ಇನ್ನೊಬ್ಬಳಿಗೂ ಪಾಸಿಟಿವ್ ಬಂತು. ಅಲ್ಲೇ ಹತ್ತಿತು ಅಂತ ಖಂಡಿತವಾಗಿ ಹೇಳಲಾರೆ. ಆದರೆ ನಮ್ಮವರ ನಡುವೆ ಅಪಾಯ ಇಲ್ಲ ಅಂತ ನಾವೆಲ್ಲ ನಂಬಿದ್ದೆವು.

2020ರ ಜನವರಿಯಿಂದ 2021ರ ಮೇವರೆಗೆ ಕೋವಿಡ್‌ನಿಂದ ಸತ್ತ ಆರೋಗ್ಯ ಕಾರ್ಯಕರ್ತರು 80,000ದಿಂದ 1,80,000 ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಷ್ಟೂ ಜನ ಕೈ ತೊಳೆಯಲು ಮರೆತವರಾ? ಮಾಸ್ಕ್ ಸಾಲದೆ, ಮಂದಿ ಸಾಲದೆ, ಗಾಳಿ ಆಡದ ಕೋಣೆಗಳಲ್ಲಿ ದುಡಿದವರು ಎಷ್ಟೊಂದು ಜನ. ತಪ್ಪನ್ನು ಅವರ ತಲೆಗೆ ಕಟ್ಟಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೆಲಸಕ್ಕೆ ವಾಪಸ್ ಬಂದ ದಿನ ವಾರ್ಡ್ ಒರೆಸುವ ಅಕ್ಕನ ಮುಖ ನೋಡಿದೆ. ನಾವು ಉಸಿರಾಡುವ ಗಾಳಿಯನ್ನೇ ಅವರೂ ಉಸಿರಾಡುತ್ತಿದ್ದರು. ಅವರಿಗೆ ಕೊಟ್ಟಿದ್ದು ಮಾತ್ರ ತೆಳು ಮಾಸ್ಕ್. ಸ್ಟೋರಿನಲ್ಲಿ ಜಗಳ ಮಾಡಿ ಒಂದು ಎನ್‌95 ತಂದೆ. ಎನ್‌95 ಅಂದರೆ ಕನಿಷ್ಠ 95% ಸೂಕ್ಷ್ಮ ಕಣಗಳನ್ನು ತಡೆಯುವಂಥದ್ದು. ಆದರೆ ಅಂಚಿನಲ್ಲಿ ಸಂದು ಬಿಟ್ಟರೆ ಸುಮ್ನೆ ಹಾಕಿಕೊಂಡ ಹಾಗೆ. ಎರಡು ಕೈಯಲ್ಲೂ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಲು ಹೇಳಿದೆ.

"ಸಿಸ್ಟರ್, ಕಣ್ಣಿನ ಹತ್ತಿರ ಗಾಳಿ ಬರ್ತಿದೆ."

"ಮೂಗಿನ ಮೇಲಿನ ತಂತಿ ಒತ್ತಿ ಅಕ್ಕ. ಎರಡು ಬೆರಳಲ್ಲೂ."

ಒತ್ತಿದರು. ಮತ್ತೆ ಉಸಿರು ಬಿಟ್ಟರು. "ಈಗ ಬರ್ತಿಲ್ಲ," ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದರು.