ಸಾವಿರ ಕೊಕ್ಕರೆ, ಇಪ್ಪತ್ತೈದು ದಾರ

ಆಗಸ್ಟ್ 6ರ ಹಿರೋಷಿಮಾ ದಿನಕ್ಕೆ ಸಾವಿರ ಕಾಗದದ ಕೊಕ್ಕರೆ ಮಡಚುತ್ತೇವೆಂದು ಹುಡುಗರು ಹುರುಪಿನಿಂದ ಹೊರಟರೆ, ಮೊದಲು ಲೆಕ್ಕ ಹಾಕಿಸಬೇಕು. ಕೈ ಪಳಗಿದವರಿಗೂ ಒಂದಕ್ಕೆ ಮೂರು ನಿಮಿಷ ಹಿಡಿಯುತ್ತದೆ. ಸಾವಿರಕ್ಕೆ 50 ಗಂಟೆ. ಹತ್ತು ಮಂದಿ ಕೂತರೂ ಐದು ತಾಸು, ಅದೂ ತುಟಿ ಬಿಚ್ಚದೆ. ತುಟಿ ಬಿಚ್ಚದಿದ್ದರೆ ಅಣ್ವಸ್ತ್ರದ ವಿರುದ್ಧದ ಪ್ರಚಾರ ಎಲ್ಲಿ ಬಂತು? ಅದಕ್ಕೇ 700 ಮೊದಲೇ ಮಡಚಿಟ್ಟು, ಮಿಕ್ಕ 300 ಬಂದವರ ಕೈಗೆ ಬಿಡುವುದು.

ಹೊಸಬರು 15 ಸೆಂ.ಮೀ. ಚೌಕದಲ್ಲಿ ಕೈ ಕುದುರಿಸಿಕೊಂಡು 7.5ಕ್ಕೆ ಇಳಿಯಲಿ. ಬಹುಪಾಲು ಜನ ಎಡವುವುದು ಕಾಗದ ಮಡಚಿ ಚಿಕ್ಕ ಚೌಕ ಆದ ಮೇಲೆ. ಬಿಚ್ಚಿಕೊಳ್ಳುವ ಮೂಲೆ ತಮ್ಮ ಕಡೆಗಿರಬೇಕು. ಮುಚ್ಚಿದ ಮೂಲೆ ಬಂತೋ, ಹೂವಿನ ದಳದಂತೆ ಎತ್ತಬೇಕಾದ ಮೇಲ್ಪದರ ಮೇಲೇಳುವುದೇ ಇಲ್ಲ. ಇನ್ನೊಂದು, ಕೊನೆಯಲ್ಲಿ ಕಾಲುಗಳನ್ನು, ಅಂದರೆ ಕತ್ತು ಮತ್ತು ಬಾಲ ಆಗುವ ಎರಡು ತುದಿಗಳನ್ನು, ಸಪೂರ ಮಾಡುವಾಗ ನಡುಗೆರೆಗೆ ಅಂಟಿಸದೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಬಿಡದಿದ್ದರೆ ಕತ್ತು ಎತ್ತುವಾಗ ಕಾಗದ ಗುಪ್ಪೆಯಾಗಿ ಹರಿಯುತ್ತದೆ.

ಕೈ ಮಡಚುತ್ತಿರುವಾಗಲೇ ಆ ಪ್ರಶ್ನೆ ಬರುತ್ತದೆ: ಕಾಗದದ ಹಕ್ಕಿಯಿಂದ ಬಾಂಬು ಹೋಗುತ್ತದೆಯೇ? ಇದಕ್ಕೆ ಕಣ್ಣೀರಿನ ಕಥೆ ಬೇಡ. ಹಿರೋಷಿಮಾ ಬಾಂಬಿನ ವಿಕಿರಣದಿಂದ ರಕ್ತ ಕ್ಯಾನ್ಸರ್ ಬಂದು, ಗುಣವಾಗಲೆಂದು ಆಸ್ಪತ್ರೆಯಲ್ಲಿ ಕೊಕ್ಕರೆ ಮಡಚುತ್ತಿದ್ದ ಬಾಲಕಿ ಸಡಾಕೊ ಸಸಾಕಿ ಸಾವಿರ ಮುಟ್ಟದೆ 644ಕ್ಕೇ ನಿಂತಳೆಂಬುದು ಎಲ್ಲೆಡೆ ಹಬ್ಬಿದ ಮಾತು. ಹಿರೋಷಿಮಾದ ಶಾಂತಿ ವಸ್ತುಸಂಗ್ರಹಾಲಯದ ಪ್ರಕಾರ 1955ರ ಆಗಸ್ಟ್ ಮುಗಿಯುವಷ್ಟರಲ್ಲೇ ಸಾವಿರ ದಾಟಿದ್ದಳು. ಹೇಳಬೇಕಾದದ್ದು ಆಮೇಲಿನದು. ಅದೇ ಅಕ್ಟೋಬರಿನಲ್ಲಿ ಅವಳು ತೀರಿಕೊಂಡ ಮೇಲೆ ಸಹಪಾಠಿಗಳು ಮುಖ್ಯೋಪಾಧ್ಯಾಯರ ಸಮ್ಮೇಳನದಲ್ಲಿ ಕರಪತ್ರ ಹಂಚಿದರು, 3,100ಕ್ಕೂ ಹೆಚ್ಚು ಶಾಲೆಗಳಿಂದ ದೇಣಿಗೆ ಬಂತು, 1958ರ ಮೇ 5ಕ್ಕೆ ಸ್ಮಾರಕ ಎದ್ದಿತು. ಶಾಲೆಯ ಮಕ್ಕಳು ನಡೆಸಿದ ಅಪ್ಪಟ ಅಭಿಯಾನ ಅದು.

ಒಪ್ಪಂದದ ಮಾತು ಬಂದಾಗ ಅರ್ಧ ಸತ್ಯ ಹೇಳಬಾರದು. 2017ರ ಜುಲೈ 7ರಂದು ಅಣ್ವಸ್ತ್ರ ನಿಷೇಧ ಒಪ್ಪಂದದ ಪರ 122 ದೇಶಗಳು ಮತ ಹಾಕಿದವು, 2021ರ ಜನವರಿ 22ರಂದು ಅದು ಜಾರಿಗೂ ಬಂತು. ಆದರೆ ಅಣ್ವಸ್ತ್ರ ಇಟ್ಟುಕೊಂಡ ಒಂಬತ್ತರಲ್ಲಿ ಒಂದೂ ಸೇರಿಲ್ಲ. ಎದುರಿನವರು ಚುಚ್ಚುವ ಮೊದಲೇ ಇದನ್ನು ಹೇಳಿಬಿಟ್ಟರೆ ಮಾತು ಮುಂದುವರಿಯುತ್ತದೆ, ಅಣ್ವಸ್ತ್ರ ವಿರೋಧಿ ಮನವಿಯ ಸಹಿ ಹಾಳೆಗೂ ಕೈ ಹೋಗುತ್ತದೆ.

ಸಂಜೆ ಪೋಣಿಸುವುದು. ಒಂದು ದಾರಕ್ಕೆ 40, ಅಂಥವು 25. ಸೂಜಿ ಹೊಟ್ಟೆಯ ತೂತಿನಿಂದ ಹೊಕ್ಕು ಬೆನ್ನಿನ ತುದಿಯಲ್ಲಿ ಹೊರಬರಬೇಕು. ರೆಕ್ಕೆ ಪೂರ್ತಿ ಬಿಚ್ಚಿದರೆ ಒಂದರ ಮೇಲೊಂದು ಕೂರುವುದಿಲ್ಲ. ದಾರದ ಬುಡಕ್ಕೆ ಮಣಿ ಕಡ್ಡಾಯ. 40 ಕೊಕ್ಕರೆ ಸೇರಿದರೂ 14 ಗ್ರಾಂ ಮೀರದು, ಆದರೆ ಒಯ್ಯುವಾಗಿನ ಜಗ್ಗಾಟಕ್ಕೆ ಬರೀ ಗಂಟು ಕೆಳಗಿನ ಹಕ್ಕಿಯನ್ನು ಸೀಳಿಕೊಂಡು ಹೊರಬರುತ್ತದೆ. ಎಲ್ಲ ದಾರಗಳನ್ನೂ ಅವಸರದಲ್ಲಿ ಒಟ್ಟು ಕಟ್ಟಿದರೆ ಸಿಕ್ಕು ಬಿಡಿಸುವುದರಲ್ಲೇ ರಾತ್ರಿಯಾಗುತ್ತದೆ. ಒಂದೊಂದನ್ನೂ ಬೇರೆ ಬೇರೆ ರಟ್ಟಿನ ಮೇಲೆ ಉದ್ದಕ್ಕೆ ಮಲಗಿಸಿ, ತೂಗುಹಾಕುವ ಜಾಗದಲ್ಲೇ ಗಂಟು ಹಾಕಿ.