ಸಂಪರ್ಕ ನೂರಕ್ಕೆ ಏರಿಸಿದರೆ ಭದ್ರವೇ?

ತೋಟದ ಮನೆಯ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ಹಗಲೂ ರಾತ್ರಿ ಬಿಟ್‌ಕಾಯಿನ್ ನೋಡ್ ಆಗಿ, ಅಂದರೆ ಬಿಟ್‌ಕಾಯಿನ್ ವಹಿವಾಟಿನ ಲೆಕ್ಕವನ್ನು ತಾನೇ ಪರಿಶೀಲಿಸಿ ಇತರ ಯಂತ್ರಗಳೊಡನೆ ಹಂಚಿಕೊಳ್ಳುವ ಯಂತ್ರವಾಗಿ, ಓಡುತ್ತಿರುತ್ತದೆ. ಅದು ತಾನಾಗಿ ಹೊರಗೆ ಜೋಡಿಸಿಕೊಳ್ಳುವ ಸಂಪರ್ಕಗಳು ಹತ್ತೇ ಹತ್ತು: ಎಂಟು ಪೂರ್ಣ ಪ್ರಮಾಣದವು, ಉಳಿದೆರಡು ಬ್ಲಾಕ್‌ಗಳಿಗಷ್ಟೇ, ಅಂದರೆ ವಹಿವಾಟುಗಳ ಕಂತೆಗಳಿಗಷ್ಟೇ, ಮೀಸಲು. ಇದನ್ನು ಕೇಳಿದವರೆಲ್ಲರ ಪ್ರಶ್ನೆ ಒಂದೇ: ‘ಬರೀ ಹತ್ತೇ? ನೂರು ಮಾಡಿದರೆ ಇನ್ನೂ ಭದ್ರವಲ್ಲವೇ?’

ಅವರಿಗೆ ನಾನು ನನ್ನ ಕಾಫಿ ಮಾರಿದ ಕಥೆ ಹೇಳುತ್ತೇನೆ. ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸುವ ಕಾಲ 1990ರ ದಶಕದಲ್ಲಿ ಮುಗಿಯಿತು. ಅಲ್ಲಿಂದ ದರ ವಿಚಾರಿಸುವ ಪಾಡು ನಮ್ಮದೇ. ಒಂದು ವರ್ಷ ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಎಂದು ನಾಲ್ವರಿಗೆ ಫೋನ್ ಮಾಡಿದೆ. 50 ಕೆ.ಜಿ. ಮೂಟೆಗೆ ನಾಲ್ವರೂ ಹೇಳಿದ್ದು ಒಂದೇ ದರ. ನಂಬಿ ಕೊಟ್ಟುಬಿಟ್ಟೆ. ನಾಲ್ವರೂ ಒಬ್ಬನೇ ವ್ಯಾಪಾರಿಗೆ ಖರೀದಿಸುವವರೆಂದು ತಿಳಿದದ್ದು ಲಾರಿ ಗೇಟು ದಾಟಿದ ಮೇಲೆ. ಇನ್ನೂ ಹತ್ತು ಮಂದಿ ಅವನ ಕಡೆಯವರನ್ನೇ ಕೇಳಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ.

ನೋಡ್‌ನ ಸುತ್ತಲೂ ಒಬ್ಬನ ಯಂತ್ರಗಳೇ ನಿಂತರೂ ಹೀಗೆಯೇ. ಅವನು ಸುಳ್ಳು ಬ್ಲಾಕನ್ನು ಪುಕ್ಕಟೆಯಾಗಿ ಸೃಷ್ಟಿಸಲಾರ, ಆದರೆ ನಿಜವಾದದ್ದನ್ನು ನನಗೆ ತಲುಪದಂತೆ ತಡೆಯಬಲ್ಲ. ಇದಕ್ಕೆ ಗ್ರಹಣ ದಾಳಿ ಎನ್ನುತ್ತಾರೆ. ಗರಿಷ್ಠ ಸಂಪರ್ಕದ ಮಿತಿ ಸಾಮಾನ್ಯವಾಗಿ 125. ಅದನ್ನು ಏರಿಸಿದರೆ ಹೆಚ್ಚುವುದು ಒಳಬರುವ ಸಂಪರ್ಕಗಳು ಮಾತ್ರ. ಅವು ಬಾಗಿಲು ತಟ್ಟಿದವರು, ನಾವು ಆರಿಸಿಕೊಂಡವರಲ್ಲ. ಹೊರಹೋಗುವ ಸಂಪರ್ಕಗಳನ್ನಾದರೆ ನೋಡ್ ಬೇರೆ ಬೇರೆ ಜಾಲಗಳಿಂದ ಹೆಕ್ಕುತ್ತದೆ: ಐಪಿ ವಿಳಾಸದ ಮೊದಲ ಎರಡು ಸಂಖ್ಯೆ ಒಂದೇ ಆದರೆ ಇಬ್ಬರಲ್ಲಿ ಒಬ್ಬನಿಗಷ್ಟೇ ಜಾಗ. ದೊಡ್ಡ ಕಂಪನಿಗಳ ಬಳಿ ಅಂಥ ವಿಳಾಸಗಳ ಗುಂಪುಗಳೇ ಹಲವಿರುತ್ತವೆ; ಹಾಗಾಗಿ ಯಾವ ವಿಳಾಸ ಯಾರ ಜಾಲದ್ದೆಂಬ ನಕ್ಷೆ ಕೊಟ್ಟು ಆರಿಸುವ ಸೌಲಭ್ಯ 2020ರಲ್ಲಿ ಬಂತು.

ನಮ್ಮ ಮಲೆನಾಡಿಗೆ ನಿಜವಾಗಿ ತಟ್ಟುವ ಸಂಗತಿ ಬೇರೆ. 2015ರಲ್ಲಿ ಸಂಶೋಧಕರು ತೋರಿಸಿದ ದಾಳಿಯಲ್ಲಿ ದಾಳಿಕೋರ ನೋಡ್‌ನ ವಿಳಾಸ ಪಟ್ಟಿಯಲ್ಲಿ ತನ್ನವರನ್ನು ತುಂಬಿ, ನೋಡ್ ಆರಿ ಮತ್ತೆ ಹೊತ್ತಿಕೊಳ್ಳುವುದನ್ನೇ ಕಾಯುತ್ತಾನೆ; ಎದ್ದ ನೋಡ್ ಹೊಸ ಸಂಪರ್ಕಗಳನ್ನು ಹೆಕ್ಕುವುದು ಆ ಪಟ್ಟಿಯಿಂದಲೇ. ಆಷಾಢದಲ್ಲಿ ಇಲ್ಲಿ ಅವನು ಹೆಚ್ಚು ಕಾಯಬೇಕಿಲ್ಲ. ತಂತಿಯ ಮೇಲೆ ಒಂದು ಸಿಲ್ವರ್ ಮರ ಬಿದ್ದರೆ ಸಾಕು!

ಇದಕ್ಕೂ ಮದ್ದಿದೆ. 2021ರ ಆವೃತ್ತಿಯಿಂದ, ನಿಲ್ಲುವ ಮುನ್ನ ನೋಡ್ ಬ್ಲಾಕ್‌ಗೆ ಮೀಸಲಾದ ಆ ಇಬ್ಬರ ವಿಳಾಸವನ್ನು ಕಡತವೊಂದರಲ್ಲಿ ಬರೆದಿಟ್ಟು, ಎದ್ದಾಗ ಮೊದಲು ಅವರನ್ನೇ ಹುಡುಕುತ್ತದೆ. ಆದರೆ ಬರೆಯುವುದು ಸರಿಯಾಗಿ ಮುಚ್ಚಿದಾಗ ಮಾತ್ರ. ಹಠಾತ್ತನೆ ಕರೆಂಟ್ ಹೋದರೆ ಆ ಕಡತವೇ ಇರುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ಕಳೆದ ಮಳೆಗಾಲದಲ್ಲಿ ಹೊಸದು ಹಾಕಿಸಿ, ಚಾರ್ಜ್ ಇಳಿಯುತ್ತಿದ್ದಂತೆ ನೋಡ್ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿದ್ದೇನೆ. ಸಂಪರ್ಕಗಳ ಸಂಖ್ಯೆಯನ್ನು ಮಾತ್ರ ಮುಟ್ಟಿಲ್ಲ.