ಅಪ್ಪನ ಬಲಗೈ: ಕನ್ನಡಿ, ಚೀಲ, ಚೆನ್ನೆಮಣೆ

ಅಪ್ಪನಿಗೆ ಸ್ಟ್ರೋಕ್ ಆಗಿ, ಬಲಗೈ ಸ್ವಾಧೀನ ತಪ್ಪಿ ಮನೆಗೆ ಬಂದು ಇದು ಒಂಬತ್ತನೇ ವಾರ. ಆ ಕೈಯ ವ್ಯಾಯಾಮಕ್ಕೆ ಕನ್ನಡಿ ಪೆಟ್ಟಿಗೆ ಎರಡನೇ ಸಲ ಮಾಡಿದೆ. ಮೊದಲನೆಯದು ಕೆಟ್ಟದ್ದು ನನ್ನ ಪಿಟ್ಟಾಸಿತನದಿಂದ. ಮನೆಯಲ್ಲಿದ್ದ ಗಡ್ಡ ತೆಗೆಯುವ ಕನ್ನಡಿಯನ್ನೇ ಹಲಗೆಗೆ ಕಟ್ಟಿದ್ದೆ. ಬೆರಳು ಕಾಣುತ್ತಿತ್ತು, ಮೊಣಕೈ ಕಡೆ ಕಾಣುತ್ತಿರಲಿಲ್ಲ. "ಇದು ಯಾರದ್ದೋ ಕೈ ಮಾರಾಯ" ಎಂದು ಅಪ್ಪ ಮುಖ ತಿರುಗಿಸಿದರು. ಈ ಸಲ ಬದಿಯಡ್ಕ ಪೇಟೆಯಿಂದ ಒಂದೂವರೆ ಅಡಿ ಅಗಲದ್ದು ತಂದೆ. ಅಂಚಿಗೆ ಹಳೇ ಸೈಕಲ್ ಟ್ಯೂಬು ಸುತ್ತಿದೆ.

ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಎಡಗೈ ಮಡಚಿದರೆ ಕನ್ನಡಿಯಲ್ಲಿ ಬಲಗೈಯೇ ಮಡಚಿದ ಹಾಗೆ ಕಾಣುತ್ತದೆ. ಎಡಗೈಯ ವಾಚು, ಉಂಗುರ ಬಿಚ್ಚಲೇಬೇಕು, ಇಲ್ಲದಿದ್ದರೆ ಮಿದುಳಿಗೆ ಮೋಸ ಗೊತ್ತಾಗುತ್ತದೆ. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇದನ್ನು ಶುರು ಮಾಡಿದ್ದು ಕೈ ಕತ್ತರಿಸಿಹೋದವರಿಗೆ ಇಲ್ಲದ ಕೈಯಲ್ಲೇ ಆಗುವ ನೋವಿಗೆ. ಸ್ಟ್ರೋಕ್ ಆದ ಒಂಬತ್ತು ಜನರ ಮೇಲೆ ನೋಡಿದ ವರದಿ ಬಂದದ್ದು 1999ರಲ್ಲಿ. ನಮ್ಮಲ್ಲಿ ದಿನಕ್ಕೆ ಅರ್ಧ ಗಂಟೆ. ಅಪ್ಪನಿಗೆ ಬೇಗ ಬೋರು.

ನನಗೆ ಜಾಸ್ತಿ ನಂಬಿಕೆ ಚೀಲದ ಮೇಲೆ. ಬಟ್ಟೆ ಚೀಲದಲ್ಲಿ ಬೀಗದ ಕೈ, ನಾಣ್ಯ, ತೆಂಗಿನ ಗೆರಟೆ ಚೂರು, ಹತ್ತಿ, ಅಡಿಕೆ. ಕಣ್ಣು ಮುಚ್ಚಿ ಬಲಗೈ ಹಾಕಿ ಹೇಳಬೇಕು. ತಪ್ಪಾದರೆ ಕಣ್ಣು ಬಿಟ್ಟು ನೋಡುತ್ತಾ ಮುಟ್ಟುವುದು, ಮತ್ತೆ ಮುಚ್ಚುವುದು. ಕೈಗೆ ಬಲ ಬಂದರೂ ಮುಟ್ಟಿದ್ದು ತಿಳಿಯದಿದ್ದರೆ ಹಿಡಿದದ್ದು ಜಾರುತ್ತದೆ, ಇಲ್ಲವಾದರೆ ಹಿಸುಕಿಹೋಗುತ್ತದೆ ಅಲ್ವಾ. ನಾಲ್ಕು ವಾರ ಎಲ್ಲವೂ ಅಪ್ಪನಿಗೆ "ಎಂತದೋ ಗಟ್ಟಿ" ಮಾತ್ರ. ಮೊನ್ನೆ ಮಂಗಳವಾರ ಒಂದು ಅಡಿಕೆಯನ್ನು ಹೆಬ್ಬೆರಳಲ್ಲಿ ತುಂಬಾ ಹೊತ್ತು ತಿರುಗಿಸಿದರು. ಉಗುರು ಒಂದು ಕಡೆ ನಿಂತಿತು. "ಪಟೋರ" ಎಂದರು. ತೆಗೆದು ನೋಡಿದೆ, ಹೌದು, ಬಿರುಕು ಬಿಟ್ಟದ್ದು! ಬೀಗದ ಕೈ ಮಾತ್ರ ಇವತ್ತಿಗೂ ನಾಣ್ಯವೇ.

ಬಿಸಿ ಗೊತ್ತಾಗುವುದಿಲ್ಲ. ಶುಕ್ರವಾರ ಸ್ಟೀಲು ಲೋಟದ ಕಾಫಿ ಬಲಗೈಯಲ್ಲಿ ಹಿಡಿದು ಎರಡು ಬೆರಳಲ್ಲಿ ಗುಳ್ಳೆ. ತಪ್ಪು ನನ್ನದು, ಕೊಟ್ಟದ್ದು ನಾನೇ. ಈಗ ಲೋಟಕ್ಕೆ ಮೊದಲು ಎಡಗೈ.

ಗುಳ್ಳೆ ಒಣಗಿದ ಮೇಲೆ ಅಟ್ಟದಿಂದ ಚೆನ್ನೆಮಣೆ ಇಳಿಸಿದೆ, ಗುಳಿಗಳಲ್ಲಿ ಕಾಳು ಹಾಕಿ ಆಡುವ ಮರದ ಮಣೆ. "ಆಟಿ ತಿಂಗಳು ಕಳೆದ ಮೇಲೆ ಆಡಬಾರದು" ಎಂದು ಅಮ್ಮನ ತಕರಾರು. ಆಡುವುದಿಲ್ಲಮ್ಮ, ಸುಮ್ನೆ ಕಾಳು ಹಾಕುವುದು ಎಂದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜಟ್ಟಿ ಕಾಳು, ಒಟ್ಟು 56. ಹೆಬ್ಬೆರಳು ತೋರುಬೆರಳು ಸೇರಿಸಿ ಒಂದೊಂದೇ ಹೆಕ್ಕಬೇಕು. ಭುಜ ಎತ್ತಿ ಮೋಸ ಮಾಡಬಾರದು ಎಂದು ಫಿಸಿಯೋದವರು ಹೇಳಿದ್ದಾರೆ. ಮೊದಲ ದಿನ ಆರು ಕಾಳು. ಇವತ್ತು ಒಂದು ಸಾಲು ತುಂಬಿತು, 28. ಇಪ್ಪತ್ತು ನಿಮಿಷ ಬೇಕಾಯಿತು. ಎರಡು ಕಾಳು ನೆಲಕ್ಕೆ ಬಿದ್ದು ಹೋಯಿತು. ಒಂದು ಅಮ್ಮನಿಗೆ ಗುಡಿಸುವಾಗ ಸಿಕ್ಕಿತು. ಇನ್ನೊಂದನ್ನು ಅಪ್ಪ ಕುರ್ಚಿಯಲ್ಲೇ ಬಗ್ಗಿ ಹುಡುಕುತ್ತಿದ್ದಾರೆ, ಬಲಗೈಯಲ್ಲಿ.